ಒಣಹಾಕದ ಶಾಲು

ಆ ಊರಿನಲ್ಲಿ ಒಳ್ಳೆಯವರು ಬೆವರುತ್ತಿದ್ದರು. ಕೆಟ್ಟವರ ಮೈಗೆ ಮಾತ್ರ ಗಾಳಿ ಸೋಕುತ್ತಿತ್ತು.

ಅಲ್ಲಿನ ಕಟ್ಟಳೆ ಒಂದೇ. ಯಾರು ಒಳ್ಳೆಯ ರೀತಿಯಲ್ಲಿ ನಡೆದುಕೊಂಡರೂ ಅವರಿಗೆ ಅಲ್ಲೇ, ಆಗಲೇ, ಒಂದು ಶಾಲು ಹೊದಿಸಬೇಕು. ಹೊದಿಸಿದ ಶಾಲನ್ನು ತೆಗೆಯಬಾರದು. ತೆಗೆದರೆ ಮಾಡಿದ ಒಳ್ಳೆಯದನ್ನು ವಾಪಸು ಕೊಟ್ಟ ಹಾಗೆ. ಉಣ್ಣುವಾಗಲೂ ಶಾಲು, ಮಲಗುವಾಗಲೂ ಶಾಲು. ಸ್ನಾನದ ಮಾತನ್ನು ಅಲ್ಲಿ ಯಾರೂ ಎತ್ತುತ್ತಿರಲಿಲ್ಲ. ದೊಡ್ಡವರ ಜೊತೆ ಮಾತಾಡುವಾಗ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡು ನಿಲ್ಲಬೇಕೆನ್ನುವುದು ಆ ಊರಿನ ಮಕ್ಕಳಿಗೂ ಗೊತ್ತಿತ್ತು.

ಶಾಲು ಹೊದಿಸುವ ಕೆಲಸ ಒಬ್ಬಳದು. ಎಲ್ಲರೂ ಅವಳನ್ನು ಹೊದಿಸುವಾಕೆ ಎನ್ನುತ್ತಿದ್ದರು. ತೋಳಿನ ಮೇಲೆ ಶಾಲುಗಳ ಕಟ್ಟು ಹೇರಿಕೊಂಡು ಅವಳು ಬೀದಿ ಬೀದಿ ತಿರುಗುವಳು. ಹಿಂದೆ ನಗಾರಿಯವನು. ಎಲ್ಲಾದರೂ ಒಳ್ಳೆಯದೊಂದು ನಡೆದರೆ ಅವನು ನಗಾರಿ ಬಡಿಯುವನು. ಅವಳು ಶಾಲಿನ ಎರಡು ತುದಿ ಹಿಡಿದು, ಒಮ್ಮೆ ಝಾಡಿಸಿ, ಬಲ ಹೆಗಲಿನಿಂದ ಎಡ ಹೆಗಲಿಗೆ ಎಳೆದು, ಎದೆಯ ಮೇಲೆ ಗಂಟಿಕ್ಕಿ, "ಹೀಗೇ ಇರಿ" ಎನ್ನುವಳು. ಸುತ್ತ ನಿಂತವರು "ಹೀಗೇ ಇರಲಿ" ಎನ್ನುವರು. ಅಷ್ಟಾದರೆ ಆಯಿತು. ಝಾಡಿಸುವುದು, ಎಳೆಯುವುದು, ಗಂಟಿಕ್ಕುವುದು, ಹೀಗೇ ಇರಿ. ಬೆಳಗಿನಿಂದ ಸಂಜೆಯ ತನಕ ಊರಿನಲ್ಲಿ ಇದೇ ಸದ್ದು.

ಊರು ಸುಧಾರಿಸಲಿಲ್ಲ ಎಂದು ಯಾರೂ ಹೇಳುವ ಹಾಗಿರಲಿಲ್ಲ. ಶಾಲೆಯಲ್ಲಿ ನಮಸ್ಕಾರ ಮಾಡಿದ ಮಗುವಿಗೆ ಶಾಲು ಎಂದಮೇಲೆ ಮಕ್ಕಳು ಮೇಷ್ಟ್ರಿಗೆ ನಮಸ್ಕಾರ ಮಾಡಿದರು, ಮೇಷ್ಟ್ರ ಸೈಕಲ್ಲಿಗೆ ಮಾಡಿದರು, ಸೈಕಲ್ಲಿನ ನೆರಳಿನಲ್ಲಿ ಮಲಗಿದ ನಾಯಿಗೂ ಮಾಡಿದರು. ಸದ್ದು ಮಾಡದೆ ಕೂತವರಿಗೆ ಶಾಲು ಎಂದಾಗ ನಿದ್ದೆ ಹೋದವನೇ ಎಲ್ಲರಿಗಿಂತ ಹೆಚ್ಚು ಗಳಿಸಿದ. ಕಚೇರಿಯಲ್ಲಿ ಹೊತ್ತಿಗೆ ಸರಿಯಾಗಿ ಬಂದವರಿಗೆ ಶಾಲು. ಎಲ್ಲರೂ ಹೊತ್ತಿಗೆ ಸರಿಯಾಗಿ ಬಂದರು. ಬಂದ ಮೇಲೆ ಏನು ಮಾಡಬೇಕೆಂಬುದಕ್ಕೆ ಶಾಲು ಇರಲಿಲ್ಲವಾದ್ದರಿಂದ ಅದನ್ನು ಯಾರೂ ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ.

ಬೀದಿಯಲ್ಲಿ ಒಬ್ಬ ಬಾಳೆಹಣ್ಣು ತಿಂದು ಸಿಪ್ಪೆ ಎಸೆಯುವನು, ಇನ್ನೊಬ್ಬ ಅದನ್ನು ಎತ್ತಿ ಬುಟ್ಟಿಗೆ ಹಾಕಿ ಶಾಲು ಹೊದ್ದುಕೊಳ್ಳುವನು. ಮರುದಿನ ಇವನು ತಿನ್ನುವನು, ಅವನು ಎತ್ತುವನು. ಇಬ್ಬರೂ ಒಳ್ಳೆಯ ಗೆಳೆಯರು. ಮುದುಕಿಯರನ್ನು ರಸ್ತೆ ದಾಟಿಸಿದವರಿಗೆ ಶಾಲು ಎಂದಾದ ಮೇಲೆ, ಕೊತ್ತಂಬರಿ ಸೊಪ್ಪು ತರಲು ಬೆಳಿಗ್ಗೆ ಹೊರಟ ಅಜ್ಜಿಯೊಬ್ಬಳು ಕತ್ತಲಾಗುವವರೆಗೂ ಮನೆ ಸೇರಲಿಲ್ಲ. ಈ ದಡದಲ್ಲಿದ್ದವರು ಆ ದಡಕ್ಕೆ ದಾಟಿಸಿದರು, ಆ ದಡದಲ್ಲಿ ಕಾಯುತ್ತಿದ್ದವರು ಈ ದಡಕ್ಕೆ. "ಬಿಡ್ರೋ, ನಾನು ಎಲ್ಲಿಗೂ ಹೋಗ್ಬೇಕಾಗಿಲ್ಲ" ಎಂದು ಅವಳು ಕೂಗಿಕೊಂಡಳು. ಕೂಗು ನಗಾರಿಯ ಸದ್ದಿನಲ್ಲಿ ಕೇಳಿಸಲಿಲ್ಲ.

ನಗಾರಿಯವನು ಊಟಕ್ಕೆ ಹೋದ ಹೊತ್ತಿನಲ್ಲಿ ಮಾತ್ರ ಊರಿನಲ್ಲಿ ಯಾರೂ ಯಾರಿಗೂ ಒಳ್ಳೆಯದು ಮಾಡುತ್ತಿರಲಿಲ್ಲ. ಹಾಗೆ ಒಂದು ದಿನ ಕುಂಬಳಕಾಯಿ ಮಾರುವವಳು ಚರಂಡಿಗೆ ಬಿದ್ದಳು. ಜನ ಸುತ್ತ ನಿಂತು, "ಸ್ವಲ್ಪ ತಡಿಯಮ್ಮ, ಅನ್ನ ಸಾರು ಆಯ್ತಂತೆ, ಮಜ್ಜಿಗೆ ಒಂದು ಬಾಕಿ" ಎಂದು ಧೈರ್ಯ ಹೇಳಿದರು. ಅವನು ಕೈ ತೊಳೆದುಕೊಂಡು ಬಂದಮೇಲೆ ಎಷ್ಟು ಜನ ಒಟ್ಟಿಗೆ ಕೈ ಕೊಟ್ಟರೆಂದರೆ ಪಾಪ, ಅವಳ ತೋಳು ಉಳುಕಿತು.

ಇಂಥ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಶಾಲು ಹೊದ್ದವನು ಹೊದಿಸುವಾಕೆಯ ಗಂಡ. ಊರವರು ಅವನನ್ನು ಮಾದರಿ ಮನುಷ್ಯ ಎಂದು ಕರೆಯುತ್ತಿದ್ದರು. ಮನೆಯ ಜಗಲಿಯ ಮೇಲೆ ಅವನು ಕೂತಿದ್ದ. ಕೂತಿದ್ದ ಎನ್ನುವುದಕ್ಕಿಂತ ಇದ್ದ ಎನ್ನುವುದೇ ಸರಿ. ಶಾಲಿನ ಮೇಲೆ ಶಾಲು, ಅದರ ಮೇಲೆ ಶಾಲು ಬಿದ್ದು ಅವನು ಹುಲ್ಲಿನ ಬಣವೆಯಷ್ಟು ದಪ್ಪವಾಗಿದ್ದ. ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ. ಒಳಗೆ ಅವಳು, ಹೊರಗೆ ಅವನು, ಸಂಸಾರ ಹಾಗೆ ನಡೆದಿತ್ತು. ಹೊರಗೆ ಕಾಣುತ್ತಿದ್ದದ್ದು ಒಂದು ಮೂಗು, ಒಂದು ಕಣ್ಣು, ಅವಳು ತುತ್ತು ಇಡುವಾಗ ತೆರೆಯುವ ಬಾಯಿ. ಅಷ್ಟೇ.

ಹೀಗೆ ಬಣವೆಯಾದ ಮೇಲೆ ಅವನಿಗೆ ಶಾಲು ಸಿಗುವುದು ಇನ್ನೂ ಸುಲಭವಾಯಿತು. ಅವನು ರಸ್ತೆಯಲ್ಲಿ ಉಗುಳುತ್ತಿರಲಿಲ್ಲ. ಸಾಲಿನಲ್ಲಿ ಮುಂದೆ ನುಗ್ಗುತ್ತಿರಲಿಲ್ಲ. ಯಾರ ಜೊತೆಯೂ ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಹೆಡ್ಮಾಸ್ಟರು ಮಕ್ಕಳನ್ನು ಸಾಲಾಗಿ ಕರೆತಂದು ಜಗಲಿಯ ಮುಂದೆ ನಿಲ್ಲಿಸಿ, "ನೋಡಿ, ಹೇಗೆ ಕೂತಿದ್ದಾರೆ! ಗಲಾಟೆ ಇಲ್ಲ, ತಂಟೆ ಇಲ್ಲ, ಪಕ್ಕದವರನ್ನ ಚಿವುಟೋದಿಲ್ಲ" ಎನ್ನುವರು. ನಗಾರಿ ಬಡಿಯುವುದು. ಹೆಂಡತಿಯೇ ಬಂದು ಗಂಡನ ಮೇಲೆ ಇನ್ನೊಂದು ಶಾಲು ಎಳೆದು, "ಹೀಗೇ ಇರಿ" ಎನ್ನುವಳು. ಒಳಗಿನಿಂದ "ಹೂಂ" ಎಂದು ಒಂದು ಸದ್ದು ಬರುವುದು. ಒಳಗೆ ಅವನು ಏನೇ ಅಂದರೂ ಅಷ್ಟು ಬಟ್ಟೆ ದಾಟಿ ಬರುವಷ್ಟರಲ್ಲಿ ಹೂಂ ಆಗಿಯೇ ಬರುತ್ತಿತ್ತು. ಮಕ್ಕಳು ಕೈಮುಗಿದು ಹೋಗುವರು.

ಮೊದಲು ಅವನು ಹಾಗಿರಲಿಲ್ಲ. ದೊಡ್ಡ ಗಂಟಲಿನವನು. ಇಸ್ಪೀಟು ಆಡುತ್ತ ಎದುರಾಳಿಯ ಅಜ್ಜ ಮುತ್ತಜ್ಜಂದಿರನ್ನೆಲ್ಲ ಜಾಲಾಡುವವನು. ನಗಲು ಶುರು ಮಾಡಿದರೆ ಕೊಟ್ಟಿಗೆಯ ದನ ಕಿವಿ ನೆಟ್ಟಗೆ ಮಾಡುತ್ತಿದ್ದವು. ದಿನಾ ಹೊಳೆಗೆ ಹಾರಿ ಈಜುವನು. ಈಜಿ ಬಂದು ಮೆಟ್ಟಿಲ ಮೇಲೆ ಕೂತು ಹೆಂಡತಿಗೆ ಬೆನ್ನು ತಿರುಗಿಸಿ, "ಕೆರಿಯೇ" ಎನ್ನುವನು. "ಮೇಲೆ. ಇನ್ನೂ ಮೇಲೆ. ಎಡಕ್ಕೆ. ಅಯ್ಯೋ ನಿನ್ನ ಎಡಕ್ಕಲ್ಲ, ನನ್ನ ಎಡಕ್ಕೆ. ಹಾಂ! ಅಲ್ಲೇ!" ಅವಳು ಬಳೆ ಹಿಂದಕ್ಕೆ ಸರಿಸಿಕೊಂಡು ಕೆರೆಯುವಳು. ಅವನು ಕಣ್ಣು ಮುಚ್ಚುವನು. ಆ ಹೊತ್ತಿನಲ್ಲಿ ಅವನ ಮುಖ ನೋಡಿದರೆ ಸ್ವರ್ಗ ಎಷ್ಟು ಹತ್ತಿರವಿದೆ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು.

ಮೊದಲನೆಯ ಶಾಲಿನ ಕಥೆ ಸರಿಯಾಗಿ ಗೊತ್ತಿದ್ದದ್ದು ಅವಳಿಗೆ, ಅವನಿಗೆ ಮತ್ತು ಯಜಮಾನರಿಗೆ. ಯಜಮಾನರು ಎಂದರೆ ಊರಿನ ಹಿರಿಯರು, ಕಟ್ಟಳೆಯನ್ನು ಮಾಡಿದವರು. ಹಿಂದೊಂದು ಚಳಿಗಾಲದಲ್ಲಿ ಅವರು ಹೊಳೆಯಲ್ಲಿ ಸ್ನಾನಕ್ಕಿಳಿದು ಕಾಲು ಜಾರಿ ಮಡುವಿಗೆ ಬಿದ್ದರು. ಇವನು ಹಾರಿ ಜುಟ್ಟು ಹಿಡಿದು ದಡಕ್ಕೆಳೆದ. ಯಜಮಾನರ ಪಂಚೆ ಹೊಳೆಯ ಪಾಲಾಗಿತ್ತು. ಹುಟ್ಟಿದ ಹಾಗೆ ಅವರು ಮೆಟ್ಟಿಲ ಮೇಲೆ ಬಿದ್ದು ನೀರು ಕಾರುತ್ತಿದ್ದರು. ಇವನು ಪಕ್ಕದಲ್ಲಿ ಹಲ್ಲು ಕಟಕಟ ಎನ್ನಿಸುತ್ತ ನಡುಗುತ್ತಿದ್ದ. ಹೆಂಡತಿ ಓಡಿಬಂದು ತನ್ನ ಹೆಗಲ ಮೇಲಿದ್ದ ಹಸಿರು ಶಾಲನ್ನು ತೆಗೆದು ಗಂಡನಿಗೆ ಹೊದಿಸಿದಳು. ಅವನಿಗೆ ಚಳಿ ಆಗಿತ್ತು, ಹೊದಿಸಿದಳು. ಅದರಲ್ಲಿ ಇನ್ನೇನೂ ಇರಲಿಲ್ಲ.

ಅಷ್ಟರಲ್ಲಿ ಜನ ಸೇರಿದರು. ಎಲ್ಲರ ಕಣ್ಣು ಯಜಮಾನರ ಮೇಲೆ, ನೋಡಬಾರದ ಕಡೆಯೆಲ್ಲ. ಅವರಿಗೆ ಆ ಕಣ್ಣುಗಳನ್ನು ಹೇಗಾದರೂ ಬೇರೆ ಕಡೆ ತಿರುಗಿಸಬೇಕಿತ್ತು. ಒಂದು ಕೈಯಲ್ಲಿ ಮಾನ ಮುಚ್ಚಿಕೊಂಡು ಇನ್ನೊಂದು ಕೈಯನ್ನು ಎತ್ತಿ, "ನೋಡಿ! ಒಳ್ಳೆಯ ಕೆಲಸಕ್ಕೆ ಶಾಲು ಸಿಕ್ಕಿದೆ! ಇನ್ನು ಮೇಲೆ ಈ ಊರಲ್ಲಿ ಎಲ್ಲ ಒಳ್ಳೆಯ ಕೆಲಸಕ್ಕೂ ಶಾಲು!" ಎಂದು ಕೂಗಿದರು. ಜನ ಚಪ್ಪಾಳೆ ತಟ್ಟಿದರು. ಬದುಕಿಸಿದವನಿಗೆ ಅವರು ಹೇಳಬೇಕಾಗಿದ್ದ ಸಣ್ಣದೊಂದು ಮಾತು ಆ ಚಪ್ಪಾಳೆಯಲ್ಲಿ ಎಲ್ಲೋ ಉಳಿದುಹೋಯಿತು.

ಮರುದಿನ ಗಂಡ ಶಾಲನ್ನು ತೆಗೆದು ಹಗ್ಗದ ಮೇಲೆ ಹರವಲು ಹೋದ. ಯಜಮಾನರು ಬೇಲಿಯಾಚೆಯಿಂದಲೇ ಗದರಿದರು, "ಏನಯ್ಯಾ, ಗೌರವವನ್ನ ಯಾರಾದರೂ ಒಣಹಾಕ್ತಾರಾ?" ಅವನು ನಾಚಿಕೊಂಡು ಮತ್ತೆ ಹೊದ್ದ. ಅವಳಿಗೆ ಶಾಲು ಹೊದಿಸುವ ಕೆಲಸ ಸಿಕ್ಕಿತು. ಅವಳಿಗೂ ಸ್ವಲ್ಪ ಹೆಮ್ಮೆಯಾಗಿತ್ತು, ಸುಳ್ಳು ಯಾಕೆ ಹೇಳಬೇಕು? ಊರೆಲ್ಲ ಎದ್ದು ನಿಂತು ದಾರಿ ಬಿಡುವಾಗ ಯಾರಿಗೆ ಬೇಡ ಅನ್ನಿಸುತ್ತದೆ?

ಈಗ ಇಷ್ಟು ಕಾಲವಾದ ಮೇಲೆ ಯಜಮಾನರು ಹೊಸ ತೀರ್ಮಾನವೊಂದನ್ನು ಮಾಡಿದರು. ಮಾದರಿ ಮನುಷ್ಯನಿಗೆ ಇನ್ನು ಬಿಡಿ ಶಾಲು ಸಾಲದು, ಮಹಾಶಾಲು ಹೊದಿಸಬೇಕು. ಊರಿನ ಮಗ್ಗಗಳೆಲ್ಲ ಸೇರಿ ಅದನ್ನು ನೇಯ್ದವು. ಕಂಬಳಿಯಷ್ಟು ದಪ್ಪ, ಚಪ್ಪರದಷ್ಟು ಅಗಲ, ಸುತ್ತ ಮೊಳದಗಲದ ಜರಿ ಅಂಚು. ಹೊದಿಸಿದರೆ ನೆತ್ತಿಯಿಂದ ಪಾದದವರೆಗೆ ಎಲ್ಲವೂ ಒಳಗೆ. ಹೊದಿಸುವಾಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಮೂಗಿಗೆ ಜಾಗ ಎಲ್ಲಿ?" ಎಂದಳು.

"ಮೂಗಿಗೆ ಜಾಗ ಬಿಟ್ರೆ ಅಂಚು ಕೆಡುತ್ತೆ, ಅಕ್ಕ" ಎಂದರು ನೇಯ್ದವರು.

ಅವಳು ಶಾಲುಗಳ ಕಟ್ಟನ್ನು ನಗಾರಿಯವನ ಮೇಲೆ ಎಸೆದು ನೇರ ಕಚೇರಿಗೆ ಹೋದಳು. ಕಚೇರಿಯ ಸಾಹೇಬರು ಮೇಜಿನ ಹಿಂದೆ ಇನ್ನೊಂದು ಬಣವೆ.

"ಸಾಮಿ, ಮಹಾಶಾಲು ಬೇಡ ಅಂತ ಒಂದು ರುಜು ಹಾಕಿಕೊಡಿ. ನಮ್ಮನೆಯವರು ಉಸಿರು ಕಟ್ಟಿ ಸಾಯ್ತಾರೆ."

ಸಾಹೇಬರಿಗೆ ನಿಜಕ್ಕೂ ಕನಿಕರವಾಯಿತು. ಅವರು ಒಳಗೊಳಗೇ ಕೊಸರಾಡಿದರು. ಬಣವೆ ಸ್ವಲ್ಪ ಅಲ್ಲಾಡಿತು.

"ಕೈ ಒಳಗಿದೆಯಮ್ಮ" ಎಂದರು. "ನಾಳೆ ಬಾ."

ನಾಳೆಯೂ ಕೈ ಒಳಗೇ ಇರುತ್ತದೆಂದು ಊರಿಗೆಲ್ಲ ಗೊತ್ತು. ಅವಳು ಶಾಲೆಗೆ ಹೋದಳು. ಹೆಡ್ಮಾಸ್ಟರು ಹೌಹಾರಿದರು. "ಏನ್ ಮಾತು ಅಂತ ಆಡ್ತೀಯಮ್ಮ! ಅಂಥವರೇ ಬೇಡ ಅಂದ್ರೆ ನನ್ನ ಮಕ್ಕಳು ನಾಳೆ ಯಾಕೆ ಸುಮ್ಮನೆ ಕೂತ್ಕೊಳ್ಳಬೇಕು ಅಂತ ಕೇಳಲ್ವಾ?"

"ಕೇಳಲಿ ಬಿಡಿ. ಯಾಕೆ ಕೂತ್ಕೊಳ್ಳಬೇಕು?"

ಹೆಡ್ಮಾಸ್ಟರು ಯೋಚಿಸಿದರು. ಇದನ್ನು ಯಾರೂ ಈವರೆಗೆ ಕೇಳಿರಲಿಲ್ಲ. "ಶಾಲಿಗೋಸ್ಕರ" ಎಂದು ಕೊನೆಗೆ ಹೇಳಿ, ತಾವೇ ಹೇಳಿದ್ದು ಹಿಡಿಸದವರ ಹಾಗೆ ಬೇರೆ ಕಡೆ ನೋಡಿದರು.

ಇನ್ನು ಉಳಿದಿದ್ದವರು ಯಜಮಾನರು. ಅವರು ತಮ್ಮ ಚಾವಡಿಯಲ್ಲಿ ಶಾಲುಗಳ ನಡುವೆ ಕೂತು ಬೆವರು ಸುರಿಸುತ್ತಿದ್ದರು. ತಮ್ಮ ಊರಿಗೆ ತಾವೇ ಕಟ್ಟಳೆ ಮಾಡಿದ್ದಕ್ಕೆ ತಾವೇ ಹೊದಿಸಿಕೊಂಡ ಶಾಲುಗಳವು. ಅವಳು ಹೇಳಿದ್ದನ್ನೆಲ್ಲ ಕೇಳಿ, "ನೋಡಮ್ಮಾ, ಉಸಿರಾಡೋದು ಅನ್ನೋದು ಕತ್ತೆ ನಾಯಿ ಎಲ್ಲಾ ಮಾಡುತ್ವೆ. ಮಹಾಶಾಲು ಎಲ್ಲರಿಗೂ ಸಿಗುತ್ತಾ?" ಎಂದರು.

"ಯಜಮಾನ್ರೇ, ಅವತ್ತು ಹೊಳೆಯಲ್ಲಿ ನಿಮಗೂ ಉಸಿರು ಕಟ್ಟಿತ್ತು. ಮರೆತುಬಿಟ್ರಾ?"

ಅವರ ಮುಖ ಕಪ್ಪಿಟ್ಟಿತು. "ಹೊದಿಸೋದು ನಿನ್ನ ಕೆಲಸ" ಎಂದರು. "ನೀನು ಹೊದಿಸದಿದ್ರೆ ಬೇರೆಯವರ ಕೈಲಿ ಹೊದಿಸ್ತೀನಿ. ಹೋಗು."

ಸಂಜೆ ಅವಳು ಜಗಲಿಗೆ ಬಂದು ಗಂಡನಿಗೆ ತುತ್ತು ಇಡುತ್ತ ಎಲ್ಲವನ್ನೂ ಹೇಳಿದಳು. ಹತ್ತಿರ ಕಿವಿಯಿಟ್ಟರೆ ಅವನ ಮಾತು ಅವಳಿಗೆ ಕೇಳಿಸುತ್ತಿತ್ತು.

"ಹೊದಿಸಿಬಿಡೇ" ಎಂದ ಅವನು. "ಊರೆಲ್ಲ ಸೇರಿರುತ್ತೆ. ಬೇಡ ಅಂದ್ರೆ ಚೆನ್ನಾಗಿರಲ್ಲ."

"ಸತ್ರೆ ಚೆನ್ನಾಗಿರುತ್ತಾ?"

"ಜನ ಏನಂದ್ಕೋತಾರೆ?"

"ಸತ್ತ ಮೇಲೆ ಹೀಗೇ ಇರಿ ಅಂತಾರೆ. ನೀವು ಇರ್ತೀರಿ."

ಅವನು ಬಾಯಲ್ಲಿದ್ದ ತುತ್ತನ್ನು ನುಂಗಿದ. ಆಮೇಲೆ ಸಣ್ಣ ದನಿಯಲ್ಲಿ, "ಒಂದು ಕೇಳ್ಲಾ? ಬೆನ್ನು ತುರಿಸ್ತಾ ಇದೆ ಕಣೇ. ಅವತ್ತಿಂದ. ಮೊದಲನೇ ದಿನದಿಂದ. ಯಾರಿಗೆ ಹೇಳೋದು ಅಂತ ಸುಮ್ಮನಿದ್ದೆ. ಅದನ್ನ ಹೊದಿಸೋಕೆ ಮುಂಚೆ ಒಂದೇ ಒಂದ್ಸಲ ಕೆರೀತೀಯಾ?" ಎಂದ.

ಅವಳು ತಟ್ಟೆ ಕೆಳಗಿಟ್ಟು ಕತ್ತಿನ ಕಡೆಯಿಂದ ಕೈ ತೂರಿಸಿದಳು. ಮೊಣಕೈವರೆಗೂ ಹೋಯಿತು, ಬರೀ ಬಟ್ಟೆ. ಒಳಗಿನಿಂದ ಸೌಟು ತಂದಳು. ಸೌಟು ಮುಟ್ಟಲಿಲ್ಲ. ಒಲೆ ಊದುವ ಕೊಳವೆ ತಂದಳು. ಅದೂ ಶಾಲಿನಿಂದ ಶಾಲಿಗೆ ಸಿಕ್ಕಿಕೊಂಡು ಅರ್ಧದಲ್ಲೇ ನಿಂತಿತು. "ಸಿಕ್ತಾ?" ಎಂದು ಅವಳು, "ಇಲ್ಲ, ಇನ್ನೂ ಒಳಗೆ" ಎಂದು ಅವನು. ಕೊನೆಗೆ ಅವಳು ಆ ಬಣವೆಗೆ ಹಣೆ ಒತ್ತಿಕೊಂಡು ಗಟ್ಟಿಯಾಗಿ ಅತ್ತಳು. ಊರಿನಲ್ಲಿ ಅವನ ಬೆನ್ನು ತಟ್ಟುವವರಿಗೆ ಬರವಿರಲಿಲ್ಲ. ಕಟ್ಟಿಕೊಂಡ ಹೆಂಡತಿಗೆ ಅದನ್ನು ಕೆರೆಯಲಾಗುತ್ತಿರಲಿಲ್ಲ. ಒಂದೊಂದು ಶಾಲನ್ನೂ ಅವಳೇ ಎಳೆದಿದ್ದಳು. ಒಂದೊಂದು ಗಂಟನ್ನೂ ಅವಳೇ ಬಿಗಿದಿದ್ದಳು. ಆ ಸಂಕಟಕ್ಕೆ ಅವಳಿಗೆ ತನ್ನ ಕೈಗಳನ್ನೇ ನೋಡಬೇಕೆನ್ನಿಸಲಿಲ್ಲ.

ಸನ್ಮಾನದ ದಿನ ಬಂತು. ಹೊಳೆಯ ಮೆಟ್ಟಿಲ ಮೇಲೆ ಶಾಮಿಯಾನ ಕಟ್ಟಿದರು. ಮಾದರಿ ಮನುಷ್ಯನನ್ನು ಎತ್ತಿನ ಗಾಡಿಯಲ್ಲಿಟ್ಟು ತಂದು ನಡುವೆ ಇಳಿಸಿದರು. ಮುಂದಿನ ಸಾಲಿನಲ್ಲಿ ದೊಡ್ಡ ಬಣವೆಗಳು, ಅದರ ಹಿಂದೆ ನಡುತರದ ಬಣವೆಗಳು, ತೀರಾ ಹಿಂದೆ ಒಂದೋ ಎರಡೋ ಶಾಲಿನ ಪೋಲಿಗಳು. ಎಲ್ಲರಿಗೂ ಬೆವರು. ಸ್ವಾಗತ ಭಾಷಣವಾಯಿತು. ಸ್ವಾಗತಿಸಿದವರಿಗೆ ಶಾಲು. ನಿರೂಪಣೆ ಮಾಡಿದವರಿಗೆ ಶಾಲು. ಮೈಕು ಸರಿ ಮಾಡಿದವನಿಗೆ ಶಾಲು. ಮೈಕು ಮತ್ತೆ ಕೆಟ್ಟಿತು, ಮತ್ತೆ ಶಾಲು.

ಯಜಮಾನರು ಎದ್ದು ನಿಂತರು. "ಇವರು ಎಂಥವರು? ಬಿಸಿಲಿಗೆ ಬೇಸರಿಸದವರು! ಮಳೆಗೆ ಗೊಣಗದವರು! ಯಾರಿಗೂ ಎದುರಾಡದವರು! ಎಲ್ಲದಕ್ಕೂ ಹೂಂ ಅಂದವರು!" ಜನ ಶಾಲಿನೊಳಗೇ ಚಪ್ಪಾಳೆ ತಟ್ಟಿದರು. ಹಾಸಿಗೆ ಬಡಿದ ಹಾಗೆ ಸದ್ದಾಯಿತು.

ನಗಾರಿ ಬಡಿಯತೊಡಗಿತು. ಹೊದಿಸುವಾಕೆ ಮಹಾಶಾಲಿನ ಮುಂದೆ ಬಂದಳು. ಹಿಂದಿನ ಸಾಲಿನ ನಾಲ್ಕಾರು ಪೋಲಿಗಳು ಅದನ್ನು ಹೊತ್ತು ತಂದರು, ಕೈ ಹೊರಗಿದ್ದವರು ಅವರೇ ತಾನೇ. ಅವಳು ಎರಡು ತುದಿ ಹಿಡಿದಳು. ಗಂಡನ ಒಂದು ಕಣ್ಣು ಅವಳನ್ನೇ ನೋಡುತ್ತಿತ್ತು. ಆ ಕಣ್ಣಿನಲ್ಲಿ ಭಯವಿತ್ತು. ಭಯಕ್ಕಿಂತ ಹೆಚ್ಚಾಗಿ ತುರಿಕೆಯಿತ್ತು. ಅವನು ಕಣ್ಣು ಕಿರಿದು ಮಾಡಿ, ಬಣವೆಯನ್ನೇ ಎಡಕ್ಕೆ ಬಲಕ್ಕೆ ಉಜ್ಜಲು ನೋಡುತ್ತಿದ್ದ. ಊರಿನವರು ಅದನ್ನು ವಿನಯ ಎಂದುಕೊಂಡು ತಲೆದೂಗಿದರು.

ಅವಳು ಮಹಾಶಾಲನ್ನು ಒಮ್ಮೆ ಝಾಡಿಸಿದಳು. ಝಾಡಿಸಿ ಕೈಬಿಟ್ಟಳು. ಅದು ಮೆಟ್ಟಿಲಿನಿಂದ ಮೆಟ್ಟಿಲಿಗೆ ಜಾರುತ್ತ ಹೋಗಿ ಹೊಳೆಯ ಅಂಚಿನಲ್ಲಿ ಬಿತ್ತು.

ಆಮೇಲೆ ಅವಳು ಗಂಡನ ಎದೆಯ ಮೇಲಿನ ಮೊದಲ ಗಂಟಿಗೆ ಕೈ ಹಾಕಿದಳು.

ನಗಾರಿ ನಿಂತಿತು. ಬಿಚ್ಚುವುದಕ್ಕೆ ಯಾವ ಬಡಿತ ಬಡಿಯಬೇಕೆಂದು ನಗಾರಿಯವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಇದು ಉಗುಳದೇ ಇದ್ದದ್ದಕ್ಕೆ" ಎಂದು ಅವಳು ಒಂದನ್ನು ಎಳೆದು ಎಸೆದಳು. "ಇದು ಎದುರಾಡದೇ ಇದ್ದದ್ದಕ್ಕೆ. ಇದು ಸಾಲಿನಲ್ಲಿ ನುಗ್ಗದ್ದಕ್ಕೆ. ಪಾಪ, ಸಾಲಿಗೆ ಹೋಗಿದ್ರೆ ತಾನೇ ನುಗ್ಗೋದು? ಇದು ಮೇಷ್ಟ್ರು ಕರ್ಕೊಂಡ್ಬಂದ ಮಕ್ಕಳನ್ನ ಚಿವುಟದ್ದಕ್ಕೆ." ಬಲ ಹೆಗಲಿನಿಂದ ಎಡ ಹೆಗಲಿಗೆ ಎಳೆದದ್ದನ್ನೆಲ್ಲ ಎಡ ಹೆಗಲಿನಿಂದ ಬಲ ಹೆಗಲಿಗೆ ಎಳೆದಳು. ಒಂದೊಂದನ್ನು ಎಸೆಯುವಾಗಲೂ, "ಹೇಗಾದರೂ ಇರಿ" ಎಂದಳು. "ಹೇಗಾದರೂ ಇರಿ. ಹೇಗಾದರೂ ಇರಿ."

"ಹಿಡೀರಿ ಅವಳನ್ನ!" ಎಂದು ಯಜಮಾನರು ಅರಚಿದರು. "ಅಷ್ಟೂ ಒಳ್ಳೇತನ ಹೋಗ್ತಾ ಇದೆ! ಹಿಡೀರಿ!"

ದೊಡ್ಡ ಬಣವೆಗಳು ಹಿಡಿಯಲು ಹೊರಟವು. ಆದರೆ ಎಲ್ಲರ ಕೈಯೂ ಒಳಗಿತ್ತು. ಕಚೇರಿಯ ಸಾಹೇಬರು ಎದ್ದು ನಿಲ್ಲಲು ಹೋಗಿ ಪಕ್ಕಕ್ಕೆ ಉರುಳಿ, ಹೆಡ್ಮಾಸ್ಟರನ್ನೂ ಉರುಳಿಸಿಕೊಂಡು ಮಲಗಿದರು. ಹಿಂದಿನ ಸಾಲಿನ ಪೋಲಿಗಳು ಎದೆಯ ಮೇಲೆ ಕೈಕಟ್ಟಿಕೊಂಡು ನೋಡುತ್ತ ನಿಂತರು. ಅವರಿಗೆ ಇಂಥ ಕಾರ್ಯಕ್ರಮ ಈ ಮೊದಲು ಸಿಕ್ಕಿರಲಿಲ್ಲ.

ಬಣವೆ ಇಳಿಯುತ್ತ ಬಂತು. ಎರಡನೇ ಕಣ್ಣು ಕಂಡಿತು. ಕಿವಿ ಕಂಡವು. ಒಂದು ಕೈ ಹೊರಬಂದು ಗಾಳಿಯಲ್ಲಿ ಬೆರಳು ಬಿಡಿಸಿ ಮಡಿಸಿ ನೋಡಿಕೊಂಡಿತು. ಕೊನೆಗೆ ಉಳಿದದ್ದು ಒಂದೇ ಶಾಲು. ಅವಳದ್ದೇ, ಹಸಿರಿನದ್ದು. ಈಗ ಅದು ಹಸಿರಾಗಿರಲಿಲ್ಲ, ಬೂಷ್ಟು ಹಿಡಿದು ಬೂದಿ ಬಣ್ಣವಾಗಿತ್ತು. ಅವಳು ಅದನ್ನು ಮುಟ್ಟಿದಳು. ಮುಟ್ಟಿದ ಕೈಯನ್ನು ನೋಡಿಕೊಂಡಳು. ಇನ್ನೊಮ್ಮೆ ಮುಟ್ಟಿದಳು.

"ರೀ," ಎಂದಳು, "ಇದು ಇನ್ನೂ ಒದ್ದೆ ಇದೆಯಲ್ರೀ!"

ಅವತ್ತಿನ ಹೊಳೆಯ ನೀರು ಅದರಲ್ಲಿ ಹಾಗೇ ಇತ್ತು. ಒಣಗಲು ಯಾರೂ ಬಿಟ್ಟಿರಲಿಲ್ಲ. ಅದರ ಮೇಲೆ ಊರಿನ ಗೌರವವೆಲ್ಲ ಬಿದ್ದು, ಬಿಸಿಲು ಕಾಣದೆ, ಗಾಳಿ ಕಾಣದೆ, ಅವನ ಬೆನ್ನಿಗೆ ಅಂಟಿಕೊಂಡು ಕೂತಿತ್ತು. ಅವಳು ಮೆಲ್ಲಗೆ ಬಿಡಿಸಿದಳು. ಕೆಳಗೆ ಬೆನ್ನು ಮಾಗಿದ ಟೊಮೇಟೊದ ಹಾಗೆ ಕೆಂಪಾಗಿತ್ತು.

ಅವಳು ಶಾಲನ್ನು ಎತ್ತಿ ಊರಿಗೆ ತೋರಿಸಿದಳು. ಅವಳ ದನಿ ಎಲ್ಲರಿಗೂ ಕೇಳಿಸಿತು. "ಇದು ಸನ್ಮಾನ ಅಲ್ಲ. ಯಾವತ್ತೂ ಆಗಿರಲಿಲ್ಲ. ಇವರಿಗೆ ಚಳಿ ಆಗ್ತಿತ್ತು. ಅದಕ್ಕೆ ಹೊದಿಸಿದೆ. ಚಳಿ ಹೋದ ಮೇಲೆ ತೆಗೀಬೇಕಿತ್ತು. ಒಣಹಾಕ್ಬೇಕಿತ್ತು. ಅಷ್ಟೇ."

ಯಜಮಾನರು ನೆಲ ನೋಡುತ್ತಿದ್ದರು.

ಅವಳು ಶಾಲನ್ನು ಹೆಗಲಿಗೆ ಹಾಕಿಕೊಂಡು, ಮೆಟ್ಟಿಲ ಮೇಲೆ ಗಂಡನ ಹಿಂದೆ ಕೂತು, ಬಳೆ ಹಿಂದಕ್ಕೆ ಸರಿಸಿಕೊಂಡು, ಕೆರೆದಳು.

"ಮೇಲೆ" ಎಂದ ಅವನು. ಬಹಳ ಕಾಲದ ಮೇಲೆ ಅವನ ದನಿ ಊರಿಗೆ ಸರಿಯಾಗಿ ಕೇಳಿಸಿತು. "ಇನ್ನೂ ಮೇಲೆ. ಮೆಲ್ಲಗೆ ಕಣೇ, ಚರ್ಮ ಕಿತ್ತು ಬರುತ್ತೆ. ಎಡಕ್ಕೆ. ನನ್ನ ಎಡಕ್ಕೆ, ನಿನ್ನ ತಲೆ! ಹಾಂ! ಅಲ್ಲೇ! ಅಲ್ಲೇ! ಅಯ್ಯಯ್ಯಯ್ಯೋ!" ಅವನು ಕಣ್ಣು ಮುಚ್ಚಿದ. ಕಣ್ಣಿನ ಅಂಚಿನಿಂದ ನೀರಿಳಿಯಿತು. ಆಮೇಲೆ ನಕ್ಕ. ಗಾಡಿಗೆ ಕಟ್ಟಿದ್ದ ಎತ್ತುಗಳು ಕಿವಿ ನೆಟ್ಟಗೆ ಮಾಡಿದವು. ಹೆಂಡತಿಯೂ ನಕ್ಕಳು, ಕೆರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಆ ಸದ್ದು ಕೇಳಿದ್ದೇ ತಡ, ಇಡೀ ಊರಿನ ಬೆನ್ನೇ ತುರಿಸತೊಡಗಿತು. ಮೊದಲೂ ತುರಿಸುತ್ತಲೇ ಇದ್ದಿರಬೇಕು, ಹೇಳಿಕೊಳ್ಳುವುದು ಹೇಗೆಂದು ಸುಮ್ಮನಿದ್ದರು. ಸಾಹೇಬರು ಬಿದ್ದಲ್ಲೇ ಹೊರಳಿದರು. ಹೆಡ್ಮಾಸ್ಟರು ಹೇಗೋ ಎದ್ದು ಶಾಮಿಯಾನದ ಕಂಬಕ್ಕೆ ಬೆನ್ನು ಉಜ್ಜಿದರು, ಮಕ್ಕಳು ನೋಡುತ್ತಿದ್ದಾರೆಂಬುದನ್ನೂ ಮರೆತು. ಮಕ್ಕಳು ನೋಡಲಿಲ್ಲ. ಅವರಾಗಲೇ ಒಬ್ಬರ ಹಿಂದೆ ಒಬ್ಬರು ಕೂತು, ಶಾಲು ಕಿತ್ತೆಸೆದು, ಕೆರೆಯುವುದಕ್ಕೆ ಶುರು ಮಾಡಿದ್ದರು. ಅವರು ಅಷ್ಟು ನೆಟ್ಟಗೆ ಸಾಲಿನಲ್ಲಿ ಕೂತದ್ದನ್ನು ಶಾಲೆಯಲ್ಲಿ ಯಾರೂ ಕಂಡಿರಲಿಲ್ಲ. ಕುಂಬಳಕಾಯಿಯವಳ ಹಿಂದೆ ಅವಳ ತೋಳು ಉಳುಕಿಸಿದವರಲ್ಲೇ ಒಬ್ಬ ಕೂತ. ಕೊತ್ತಂಬರಿ ಅಜ್ಜಿ ತನಗೆ ಬೇಕಾದ ಕಡೆಗೆ, ಬೇಕಾದ ಹಾಗೆ, ಒಬ್ಬಳೇ ನಡೆದುಕೊಂಡು ಹೋದಳು.

ಯಜಮಾನರು ಬಹಳ ಹೊತ್ತು ತಡೆದರು. ಕಟ್ಟಳೆ ಮಾಡಿದವರಲ್ಲವೇ? ಮುಖ ಬಿಗಿದುಕೊಂಡು, ಹಲ್ಲು ಕಚ್ಚಿಕೊಂಡು ನಿಂತರು. ಕೊನೆಗೆ ಅವರಿಂದಲೂ ಆಗಲಿಲ್ಲ. ಕೊಸರಾಡಿ ಕೈ ಹೊರಗೆಳೆದುಕೊಂಡು, ಒಂದೊಂದೇ ಮೆಟ್ಟಿಲು ಇಳಿದು, ಒಂದೊಂದೇ ಶಾಲು ಕಳಚುತ್ತ ಬಂದು, ಮಾದರಿ ಮನುಷ್ಯನ ಮುಂದೆ ಬರೀ ಪಂಚೆಯಲ್ಲಿ ಬೆನ್ನು ತಿರುಗಿಸಿ ಕೂತರು. ಕತ್ತು ತಿರುಗಿಸದೆ ಹೊಳೆಯ ಕಡೆ ನೋಡುತ್ತ ಹೇಳಿದರು.

"ಅವತ್ತು ನೀನು ಹಾರದೇ ಇದ್ದಿದ್ರೆ ನಾನು ಹೋಗೇಬಿಡ್ತಿದ್ದೆ ಕಣಯ್ಯಾ."

ಅವನು ಅವರ ಬೆನ್ನಿನ ಮೇಲೆ ಕೈಯಿಟ್ಟ.

"ಎಡಕ್ಕಾ, ಬಲಕ್ಕಾ?" ಎಂದ.

"ಸ್ವಲ್ಪ ಮೇಲೆ" ಎಂದರು ಯಜಮಾನರು.

ಹೊದಿಸುವಾಕೆ ಅಷ್ಟರಲ್ಲಿ ಎದ್ದು ಹಸಿರು ಶಾಲನ್ನು ಹೊಳೆಯಲ್ಲಿ ಜಾಲಿಸಿ, ಹಿಂಡಿ, ಶಾಮಿಯಾನದ ಹಗ್ಗಕ್ಕೆ ಬಿಸಿಲು ಬೀಳುವ ಕಡೆ ಹರವುತ್ತಿದ್ದಳು. ಒಬ್ಬ ಇನ್ನೊಬ್ಬನಿಗೆ ಒಳ್ಳೆಯದು ಮಾಡುತ್ತಿರುವುದನ್ನು ಕಂಡು ನಗಾರಿಯವನ ಕೈ ಹಳೇ ಅಭ್ಯಾಸದಿಂದ ಕೋಲೆತ್ತಿತು. ಅವನು ಅವಳ ಕಡೆ ನೋಡಿದ. ಅವಳು ಇವನ ಕಡೆ ನೋಡಲೇ ಇಲ್ಲ, ಶಾಲಿನ ಸುಕ್ಕು ಬಿಡಿಸುತ್ತಿದ್ದಳು. ಎತ್ತಿದ ಕೋಲನ್ನು ಏನು ಮಾಡುವುದೆಂದು ಅವನು ಒಂದು ಗಳಿಗೆ ಯೋಚಿಸಿದ. ಆಮೇಲೆ ಅದನ್ನು ಕತ್ತಿನ ಕಡೆಯಿಂದ ಅಂಗಿಯೊಳಗೆ ಇಳಿಸಿ, ಕಣ್ಣು ಮುಚ್ಚಿ, ಬೆನ್ನು ಕೆರೆದುಕೊಳ್ಳತೊಡಗಿದ.